ಕೊಟ್ಟಿಗೆಯಲ್ಲಿ ಸಿಕ್ಕಿದ ಹಳೇ ಹುಲ್ಲು ಕತ್ತರಿಸುವ ಮೆಷಿನ್: ಯಾವ ಕಂಪನಿಯದು, ಎಷ್ಟು ಬೆಲೆ ಬಾಳಬಹುದು?

ತೋಟದಮನೆ
ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಹಿಂದೆ ಇದು ದೊರೆಗಳ ಕಾಲದ ದೊಡ್ಡ ಎಸ್ಟೇಟಿನ ಒಂದು ತುಂಡು. ಹಳೇ ಕೊಟ್ಟಿಗೆಯ ಹೆಂಚು ಇಳಿಸಿ ಶೀಟ್ ಹಾಕಿಸುತ್ತಿದ್ದೇವೆ. ಮೂಲೆ ಖಾಲಿ ಮಾಡುವಾಗ ಮುರುಕು ನೊಗ, ತೂತು ಬಿದ್ದ ಸ್ಪ್ರೇಯರ್ ಡಬ್ಬಗಳ ಅಡಿಯಲ್ಲಿ ಇದು ಸಿಕ್ಕಿತು. ಫೋಟೋ ಹಾಕಿದ್ದೇನೆ.

ಎರಡು ಕಡೆ ದಪ್ಪ ಕಬ್ಬಿಣದ ಪಟ್ಟಿ. ಹಿಂದೆ ಒಂದು ಉರುಳೆ, ಅದು ಮಧ್ಯದಲ್ಲಿ ಎರಡು ಭಾಗ. ಮುಂದೆ ತಿರುಚಿದ ಬ್ಲೇಡುಗಳಿರುವ ಸಿಲಿಂಡರ್. ಒಂದು ಬದಿಗೆ ಸೈಕಲ್ ತರಹದ ಚೈನ್ ಇದೆ, ತುಂಡಾಗಿದೆ. ಹಿಡಿಯ ತುದಿಯಲ್ಲಿ ಅಡ್ಡ ಮರ. ಇಬ್ಬರು ಸೇರಿ ಎತ್ತಬೇಕು, ಅಷ್ಟು ಭಾರ. ಪಕ್ಕದಲ್ಲಿ ಉಬ್ಬು ಅಕ್ಷರಗಳಿವೆ, ಆದರೆ ಯಾರೋ ಮೇಲೆ ಟಾರ್ ಬಳಿದಿದ್ದಾರೆ. ಇ, ಎನ್, ಎಸ್ ಅಷ್ಟೇ ಕಾಣುತ್ತದೆ.

ಗುಜರಿಯವನು ಸಾವಿರ ರೂಪಾಯಿ ಕೊಡುತ್ತೇನೆ ಅಂದ. ನಮ್ಮ ಭಾವ ಯಾವುದೋ ವಿಡಿಯೋ ನೋಡಿಕೊಂಡು ಲಕ್ಷಗಟ್ಟಲೆ ಬರುತ್ತದೆ, ಯಾರಿಗೂ ಕೊಡಬೇಡ ಅಂತಿದ್ದಾರೆ. ಗೊತ್ತಿರುವವರು ಹೇಳಿ.

ಗುಜರಿ ಗುರು
ಫೋಟೋ ನೆಟ್ಟಗೆ ತಿರುಗಿಸಿ ಹಾಕಿ ಮಾರಾಯ್ರೆ, ಕತ್ತು ಉಳುಕಿತು.

ಸುಬ್ಬಣ್ಣ ಸಕಲೇಶಪುರ
ಅದು ಹುಲ್ಲಿನ ಮೆಷಿನ್ ಅಂತ ಯಾರು ಹೇಳಿದ್ದು? ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಹಳೇ ಪಲ್ಪರ್‌ದು ಡ್ರಮ್ ಇರಬೇಕು. ನಮ್ಮ ಕಡೆ ಎಸ್ಟೇಟುಗಳಲ್ಲಿ ಗೋರ್ಡನ್ ಕಂಪನಿಯ ಪಲ್ಪರ್ ಇತ್ತಲ್ಲ, ಲಂಡನ್ ಮಾಲು, ಅದರ ಭಾಗ ನೋಡಿ.

ತೋಟದಮನೆ
ಸುಬ್ಬಣ್ಣ, ಪಲ್ಪರ್ ನಮ್ಮಲ್ಲೂ ಇದೆ. ಅದರ ಡ್ರಮ್ಮಿಗೆ ತಾಮ್ರದ ತಗಡು, ಅದರ ಮೇಲೆ ಗುಬುಟು ಗುಬುಟು ಇರುತ್ತದೆ. ಇದರಲ್ಲಿ ಹರಿತವಾದ ಬ್ಲೇಡೇ ಇದೆ. ಕಾಫಿ ಹಣ್ಣು ಹಾಕಿದರೆ ಚಟ್ನಿ ಆಗುತ್ತದೆ.

ಸ್ಪ್ಯಾನರ್ ಸ್ವಾಮಿ
ಅಕ್ಕ ಹೇಳಿದ್ದು ಸರಿ. ಇದು ಸಿಲಿಂಡರ್ ಮೂವರ್, ಅಂದರೆ ಸಿಲಿಂಡರ್ ತಿರುಗಿ ಹುಲ್ಲು ಕತ್ತರಿಸುವ ಮೆಷಿನ್. ನೀವು ತಳ್ಳಿದಾಗ ಹಿಂದಿನ ಉರುಳೆ ತಿರುಗುತ್ತದೆ, ಚೈನ್ ಅದನ್ನು ಮುಂದಿನ ಸಿಲಿಂಡರಿಗೆ ದಾಟಿಸುತ್ತದೆ, ಸಿಲಿಂಡರ್ ಇನ್ನೂ ಜೋರಾಗಿ ತಿರುಗುತ್ತದೆ. ಕೆಳಗೆ ಅಲುಗಾಡದ ಒಂದು ಚಪ್ಪಟೆ ಬ್ಲೇಡ್ ಇರುತ್ತದೆ. ಹುಲ್ಲು ಈ ಎರಡರ ನಡುವೆ ಸಿಕ್ಕಿ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಕತ್ತರಿಸುತ್ತದೆ. ಈಗಿನ ಪೆಟ್ರೋಲ್ ಮೂವರ್ ಹುಲ್ಲನ್ನು ಹೊಡೆದು ಹರಿಯುತ್ತದೆ, ಇದು ಕತ್ತರಿಸುತ್ತದೆ. ಅದಕ್ಕೇ ಗಾಲ್ಫ್ ಗ್ರೀನ್, ಕ್ರಿಕೆಟ್ ಪಿಚ್‌ಗಳಲ್ಲಿ ಇವತ್ತಿಗೂ ಸಿಲಿಂಡರೇ.

ಈ ಐಡಿಯಾ ಬಂದದ್ದು ಬಟ್ಟೆ ಗಿರಣಿಯಿಂದ. ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನಲ್ಲಿ ಎಡ್ವಿನ್ ಬಡಿಂಗ್ ಅನ್ನುವವನು ಉಣ್ಣೆ ಬಟ್ಟೆಯ ಮೇಲಿನ ಜುಂಗು ಕತ್ತರಿಸುವ ಯಂತ್ರ ನೋಡಿ, ಇದನ್ನೇ ಹುಲ್ಲಿಗೆ ಯಾಕೆ ಹಾಕಬಾರದು ಅಂತ 1830ರಲ್ಲಿ ಪೇಟೆಂಟ್ ಮಾಡಿಸಿದ. ಅದಕ್ಕೂ ಮುಂಚೆ ಎಲ್ಲ ಕುಡುಗೋಲಿನ ಕೆಲಸ.

ಈಗ ನಿಮ್ಮ ಕೆಲಸ: ಸೀಮೆಎಣ್ಣೆ ಸಿಗದಿದ್ದರೆ ಡೀಸೆಲ್ ತಗೊಂಡು ಬಟ್ಟೆ ನೆನೆಸಿ ಅಕ್ಷರದ ಮೇಲೆ ಒಂದು ರಾತ್ರಿ ಇಡಿ. ಟಾರ್ ಮೆತ್ತಗಾಗುತ್ತದೆ. ಆಮೇಲೆ ಹಳೇ ಟೂತ್‌ಬ್ರಷ್. ಗ್ರೈಂಡರಿಗೆ ವೈರ್ ಬ್ರಷ್ ಹಾಕಿ ಉಜ್ಜಬೇಡಿ, ಟಾರ್ ಕೆಳಗೆ ಹಳೇ ಬಣ್ಣ ಉಳಿದಿದ್ದರೆ ಅದೂ ಹೋಗುತ್ತದೆ. ಹಳೇ ಬಣ್ಣದಲ್ಲಿ ಸೀಸ ಇರುತ್ತದೆ, ಒಣ ಪುಡಿ ಮಾಡಿ ಉಸಿರಾಡಬೇಡಿ. ಸುತ್ತಿಗೆಯಂತೂ ಹತ್ತಿರ ತರಬೇಡಿ. ಬೀಡು ಕಬ್ಬಿಣ ಬಗ್ಗುವುದಿಲ್ಲ, ಒಡೆಯುತ್ತದೆ.

ಗುಜರಿ ಗುರು
ಬರೆದಿಟ್ಟುಕೊಳ್ಳಿ, ರಾನ್ಸಮ್ಸ್. ಎಸ್ಟೇಟುಗಳಲ್ಲಿ ಇದ್ದದ್ದೆಲ್ಲ ರಾನ್ಸಮ್ಸ್.

ಇಪ್ಸ್‌ವಿಚ್ ಗೌಡ
ನಾನು ಇರುವುದೇ ರಾನ್ಸಮ್ಸ್ ಕಂಪನಿಯ ಊರಾದ ಇಂಗ್ಲೆಂಡಿನ ಇಪ್ಸ್‌ವಿಚ್‌ನಲ್ಲಿ, ಆದರೂ ಒಪ್ಪುವುದಿಲ್ಲ. ರಾನ್ಸಮ್ಸ್ 1832ರಲ್ಲೇ ಬಡಿಂಗ್ ಮೆಷಿನ್ ಮಾಡುವ ಲೈಸೆನ್ಸ್ ತಗೊಂಡ ಕಂಪನಿ, ನಿಜ. ಆದರೆ ಅವರ ಹಳೇ ಆಟೋಮ್ಯಾಟನ್ ಮಾಡೆಲ್‌ನಲ್ಲಿ ಚೈನ್ ಅಲ್ಲ, ಹಲ್ಲಿನ ಗೇರ್. ಹಳೇದು, ಚೈನ್ ಇದೆ, ಹೆಸರಿನಲ್ಲಿ ಇ-ಎನ್-ಎಸ್ ಇದೆ ಅಂದರೆ ನನ್ನ ಮನಸ್ಸಿಗೆ ಬರುವುದು ಒಂದೇ: ಸೈಲೆನ್ಸ್ ಮೆಸ್ಸರ್. ಲೀಡ್ಸ್‌ನ ಥಾಮಸ್ ಗ್ರೀನ್ ಕಂಪನಿಯದು. ಆ ಮೂರು ಅಕ್ಷರದ ಮುಂದೆ ಎಸ್-ಐ-ಎಲ್ ಇದೆಯಾ ನೋಡಿ.

ಮಲೆನಾಡ ಹುಡುಗಿ
ಸೈಲೆನ್ಸ್ ಮೆಸ್ಸರ್? ದೆವ್ವ ಬಿಡಿಸುವ ಮಂತ್ರ ಇದ್ದ ಹಾಗಿದೆ 😄

ಇಪ್ಸ್‌ವಿಚ್ ಗೌಡ
ಲ್ಯಾಟಿನ್. ಸದ್ದಿಲ್ಲದೆ ಕೊಯ್ಯುವವನು ಅಂತ. ಗೇರ್ ಮೆಷಿನ್‌ಗಳು ಗರಗರ ಅನ್ನುತ್ತಿದ್ದ ಕಾಲದಲ್ಲಿ ಚೈನ್ ಹಾಕಿ, ನಮ್ಮದು ಸದ್ದು ಮಾಡುವುದಿಲ್ಲ ಅಂತ ಮಾರಿದರು. ಆ ಕಾಲದ ಮಾರ್ಕೆಟಿಂಗ್.

ಹುಬ್ಬಳ್ಳಿ ಗ್ಯಾರೇಜ್
ಅಕ್ಕಾರ, ಜಂಗು ತೆಗಿಯೋದಕ್ಕ ಕಾಕಂಬಿ ಭಾಳ ಛಲೋ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಹಾಕಿ ಡ್ರಮ್ಮಿನ್ಯಾಗ ಮುಳುಗಿಸಿ ಇಡ್ರಿ. ಒಂದೆರಡು ವಾರ ತೊಗೋತದ, ಆದ್ರ ಕಬ್ಬಿಣ ತಿನ್ನೂದಿಲ್ಲ, ಜಂಗು ಅಷ್ಟ ತಿಂತದ. ಹಳೇ ಟ್ರ್ಯಾಕ್ಟರ್ ಪಾರ್ಟ್ ಎಲ್ಲಾ ಹಂಗ ಮಾಡೇವಿ. ವಾಸನಿ ಮಾತ್ರ ತಡಕೋಬೇಕು.

ಮಲೆನಾಡ ಹುಡುಗಿ
ಮೂಡಿಗೆರೆಯಲ್ಲಿ ಕಾಕಂಬಿ ಡ್ರಮ್ ಇಟ್ಟರೆ ಇಡೀ ತಾಲೂಕಿನ ಇರುವೆ ಬಂದು ಕೂರುತ್ತವೆ.

ತೋಟದಮನೆ
ಅಕ್ಷರ ಬಂತು! ಡೀಸೆಲ್ ಬಟ್ಟೆ ಕೆಲಸ ಮಾಡಿತು. ಮೇಲೆ ಗ್ರೀನ್ಸ್ ಪೇಟೆಂಟ್, ಮಧ್ಯೆ ಸೈಲೆನ್ಸ್ ಮೆಸ್ಸರ್, ಕೆಳಗೆ ಲೀಡ್ಸ್ ಆಂಡ್ ಲಂಡನ್. ಟಾರ್ ಅಡಿಯಲ್ಲಿ ಒಂದು ಚೂರು ಹಸಿರು ಬಣ್ಣ, ಅಕ್ಷರದ ಅಂಚಿಗೆ ಕೆಂಪು. ಬ್ಲೇಡ್ ಅಗಲ 14 ಇಂಚು. ಸಿಲಿಂಡರಿನ ಮುಂದೆ ಒಂದು ಸಣ್ಣ ಸರಳು ಅಡ್ಡಕ್ಕೆ ಇದೆ, ಅದಕ್ಕೆ ಗೆದ್ದಲು ತಿಂದ ಮರದ ಚೂರು ಅಂಟಿಕೊಂಡಿದೆ. ಅದೇನು? ಹುಲ್ಲು ಬೀಳುವ ಡಬ್ಬ ಇಲ್ಲ. ಇಪ್ಸ್‌ವಿಚ್ ಗೌಡರಿಗೆ ಒಂದು ಲೋಟ ಫಿಲ್ಟರ್ ಕಾಫಿ ಬಾಕಿ.

ಇಪ್ಸ್‌ವಿಚ್ ಗೌಡ
ಭಲೇ! ಆ ಮರದ ಚೂರು ಮುಂದಿನ ಉರುಳೆ. ಸರಳಿಗೆ ಮರದ ಬಿಲ್ಲೆಗಳನ್ನು ಪೋಣಿಸಿರುತ್ತಾರೆ, ಹುಲ್ಲು ಎಷ್ಟು ಎತ್ತರಕ್ಕೆ ಕತ್ತರಿಸಬೇಕು ಅನ್ನುವುದನ್ನು ಅದರಿಂದಲೇ ಸರಿ ಮಾಡುವುದು. ಇಲ್ಲಿ ಸಿಗುವ ಮೆಷಿನ್‌ಗಳಲ್ಲೂ ಅದೇ ಮೊದಲು ಹೋಗಿರುತ್ತದೆ. ಊರಿನ ಮರಗೆಲಸದವರು ಲೇತಿನಲ್ಲಿ ಸುಲಭವಾಗಿ ಮಾಡಿಕೊಡುತ್ತಾರೆ.

ಯಾವ ಕಾಲದ್ದು ಅನ್ನುವುದು ಸ್ವಲ್ಪ ಕಷ್ಟ. ಸೈಲೆನ್ಸ್ ಮೆಸ್ಸರ್ 1850ರ ದಶಕದ ಕೊನೆಗೆ ಶುರುವಾಗಿ 1930ರ ದಶಕದವರೆಗೂ ಬಂತು. ರೂಪ ಹೆಚ್ಚು ಬದಲಾಗಲಿಲ್ಲ. ರಾನ್ಸಮ್ಸ್ ಆದರೆ ಕಂಪನಿಯ ಹೆಸರಿನಿಂದಲೇ ಅಂದಾಜು ಸಿಗುತ್ತದೆ, ರಾನ್ಸಮ್ಸ್ ಸಿಮ್ಸ್ ಆಂಡ್ ಜೆಫ್ರೀಸ್ ಅಂತಿದ್ದರೆ 1884ರ ಈಚೆಗೆ. ಗ್ರೀನ್‌ದರಲ್ಲಿ ಆ ಸುಲಭ ಇಲ್ಲ. ಎಲ್ಲಾದರೂ ಆರ್-ಡಿ ಅಂತ ಬರೆದು ಮುಂದೆ ನಂಬರ್ ಇದೆಯಾ ನೋಡಿ. ಅದು ರಿಜಿಸ್ಟರ್ಡ್ ಡಿಸೈನ್ ನಂಬರ್. 1884ರಲ್ಲಿ 1ರಿಂದ ಎಣಿಕೆ ಶುರು, ನಂಬರ್ ಸಿಕ್ಕಿದರೆ ಡಿಸೈನ್ ಯಾವ ವರ್ಷ ನೋಂದಾಯಿಸಿದರು ಅಂತ ತಿಳಿಯುತ್ತದೆ. ಮೆಷಿನ್ ಅದಕ್ಕಿಂತ ಹಳೇದಾಗಿರಲು ಸಾಧ್ಯವಿಲ್ಲ, ಹೊಸದಾಗಿರಬಹುದು. ತುಂಬಾ ಜನ ಪೇಟೆಂಟ್ ವರ್ಷವನ್ನೇ ಮೆಷಿನ್ ವರ್ಷ ಅಂದುಕೊಂಡು ಬೆಲೆ ಏರಿಸಿಬಿಡುತ್ತಾರೆ.

ಇನ್ನು ಬೆಲೆ. ಭಾವನವರು ಕೂತುಕೊಂಡು ಓದಲಿ. ಬ್ರಿಟನ್ನಿನಲ್ಲಿ ಹಳೇ ಮೂವರ್‌ಗಳಿಗೆ ಪ್ರೀತಿ ಇದೆ, ದುಡ್ಡು ಕಮ್ಮಿ. 1990ರಲ್ಲಿ ಶುರುವಾದ ಓಲ್ಡ್ ಲಾನ್‌ಮೂವರ್ ಕ್ಲಬ್ ಇದೆ, ಸೌತ್‌ಪೋರ್ಟ್‌ನಲ್ಲಿ ಮೂವರ್‌ಗಳದ್ದೇ ಮ್ಯೂಸಿಯಂ ಇದೆ. ಆದರೂ ಕೈಯಲ್ಲಿ ತಳ್ಳುವ ಮೆಷಿನ್‌ಗಳು ಕೆಲವು ಹತ್ತು ಪೌಂಡ್‌ಗಳಿಂದ ನೂರು ಚಿಲ್ಲರೆ ಪೌಂಡ್ ಒಳಗೇ ಕೈ ಬದಲಾಯಿಸುವುದನ್ನು ನಾನು ನೋಡಿದ್ದೇನೆ. ದೊಡ್ಡ ದುಡ್ಡು ಬಡಿಂಗ್ ಕಾಲದ ಮೆಷಿನ್‌ಗೆ, ಕುದುರೆ ಎಳೆಯುವ ಶ್ಯಾಂಕ್ಸ್ ಕಂಪನಿ ಮೆಷಿನ್‌ಗೆ, ಮೊದಮೊದಲ ಮೋಟಾರ್ ಮೂವರ್‌ಗಳಿಗೆ. ನಿಮ್ಮದರಲ್ಲಿ ಹುಲ್ಲಿನ ಡಬ್ಬ ಇಲ್ಲ, ಚೈನ್ ತುಂಡಾಗಿದೆ, ಮುಂದಿನ ಉರುಳೆ ಗೆದ್ದಲಿಗೆ ಹೋಗಿದೆ.

ತೋಟದಮನೆ
ಭಾವನಿಗೆ ತೋರಿಸಿದೆ. "ಇಂಗ್ಲೆಂಡಿನವರು ಕಮ್ಮಿಗೆ ಹೊಡೆಯೋಕೆ ಹಾಗೆ ಹೇಳ್ತಾರೆ" ಅಂತಾರೆ.

ಇಪ್ಸ್‌ವಿಚ್ ಗೌಡ
ನಾನು ಮಂಡ್ಯದವನು ಅಂತ ಹೇಳಿ ಅವರಿಗೆ.

ಸುಬ್ಬಣ್ಣ ಸಕಲೇಶಪುರ
ಒಂದು ನಿಮಿಷ. ಗ್ರೀನ್? ನಮ್ಮ ಮಂಜರಾಬಾದ್ ಕಡೆ 1843ರಲ್ಲೇ ಕಾಫಿ ತೋಟ ಶುರು ಮಾಡಿದ ಬಿಳಿಯ ದೊರೆಯೂ ಗ್ರೀನ್ ಅಲ್ವಾ? ಅವನದೇ ಕುಟುಂಬದ ಕಂಪನಿ ಇರಬೇಕು. ಅಲ್ಲಿಂದ ತರಿಸಿದ್ದಾನೆ. ಅಕ್ಕ, ಹಾಗಾದರೆ ಇದು ಇತಿಹಾಸ, ಬೆಲೆ ಬೇರೆ ಆಗುತ್ತದೆ.

ಸ್ಪ್ಯಾನರ್ ಸ್ವಾಮಿ
ಸುಬ್ಬಣ್ಣ, ಇಂಗ್ಲೆಂಡಿನಲ್ಲಿ ಗ್ರೀನ್ ಅಂದರೆ ನಮ್ಮಲ್ಲಿ ಗೌಡ ಅಂದ ಹಾಗೆ. 1843ರಲ್ಲಿ ಸೈಲೆನ್ಸ್ ಮೆಸ್ಸರ್ ಹುಟ್ಟಿರಲೇ ಇಲ್ಲ. ಕಥೆ ಕಟ್ಟಿ ಮಾರುವವರು ಈಗಾಗಲೇ ಸಾಕಷ್ಟಿದ್ದಾರೆ.

ಸುಬ್ಬಣ್ಣ ಸಕಲೇಶಪುರ
ಅವನೇ ತಂದ ಅಂತ ಎಲ್ಲಿ ಹೇಳಿದೆ? ಕುಟುಂಬದವರು ಆಮೇಲೆ ಕಳಿಸಿರಬಹುದು ಅಂದೆ.

ಸ್ಪ್ಯಾನರ್ ಸ್ವಾಮಿ
ಎಸ್ಟೇಟಿನ ಹಳೇ ಲೆಜರಿನಲ್ಲಿ ಒಂದು ಸಾಲು ತೋರಿಸಿ, ಒಪ್ಪುತ್ತೇನೆ.

ಹಳೇಮಾಲು ಹರಿ
ನನ್ನದು ಇದೇ ವ್ಯಾಪಾರ, ಹಾಗಾಗಿ ಬಾಯಿ ಹಾಕುತ್ತೇನೆ. ಇಂಗ್ಲೆಂಡಿನ ರೇಟು ಇಲ್ಲಿಗೆ ನಡೆಯುವುದಿಲ್ಲ, ಆ ಕಡೆಗೂ ಈ ಕಡೆಗೂ. ಅಲ್ಲಿ ಕೊಳ್ಳುವವನು ಮೂವರ್ ಪ್ರೇಮಿ, ಚೈನ್ ಒರಿಜಿನಲ್ಲಾ, ಡಬ್ಬ ಇದೆಯಾ ಅಂತ ಕೇಳುತ್ತಾನೆ. ಇಲ್ಲಿ ಕೊಳ್ಳುವವನು ರೆಸಾರ್ಟ್‌ನವನು, ಹೋಂಸ್ಟೇನವನು. ಅವನಿಗೆ ಅದು ತಿರುಗದಿದ್ದರೂ ಪರವಾಗಿಲ್ಲ, ಮುಂದೆ ಪೆಟ್ಟಿಗೆ ಹೂವಿನ ಗಿಡ ಇಟ್ಟು ಫೋಟೋ ಚೆನ್ನಾಗಿ ಬಂದರೆ ಸಾಕು. ಉಬ್ಬು ಅಕ್ಷರ ಇರುವುದು ದೊಡ್ಡ ಪ್ಲಸ್. ತಮಿಳುನಾಡಿನ ಕಾರೈಕುಡಿಯ ಹಳೇ ಸಾಮಾನಿನ ಅಂಗಡಿಗಳಿಗೆ ಹೋಗಿ ನೋಡಿ, ಬೀಡಿನ ಮಾಲು ಎಷ್ಟಕ್ಕೆ ಹೋಗುತ್ತದೆ ಅಂತ. ಚಿಕ್ಕಮಗಳೂರು, ಕೊಡಗಿನ ಕಡೆಯಿಂದಲೂ ಅಲ್ಲಿಗೇ ಬರುತ್ತಾರೆ.

ಗುಜರಿಯವನ ಸಾವಿರಕ್ಕೆ ಕೊಡಬೇಡಿ. ಅವನು ಕಬ್ಬಿಣದ ತೂಕಕ್ಕೆ ಕೇಳುತ್ತಿದ್ದಾನೆ, ಆದರೆ ಒಡೆದು ಕರಗಿಸಲು ಒಯ್ಯುವುದಿಲ್ಲ, ನೇರ ನನ್ನಂಥವನ ಹತ್ತಿರ ಬರುತ್ತಾನೆ. ನಾನು ಅವನಿಗೆ ಕೊಡುವ ರೇಟನ್ನು ನೀವೇ ತಗೊಳ್ಳಿ, ಹತ್ತು ಸಾವಿರದ ಆಸುಪಾಸು. ನಾನು ಅದರ ಮೇಲೆ ಇಟ್ಟುಕೊಂಡು ಮಾರುತ್ತೇನೆ, ಅದನ್ನು ಮುಚ್ಚಿಡುವುದಿಲ್ಲ. ಲಕ್ಷ ಕೊಡುತ್ತೇನೆ ಅಂತ ಯಾರಾದರೂ ಫೋನ್ ಮಾಡಿ ಮೊದಲು ಅಡ್ವಾನ್ಸ್ ಕಳಿಸಿ, ಕೊರಿಯರ್ ಚಾರ್ಜ್ ಕಳಿಸಿ ಅಂದರೆ ಫೋನ್ ಇಟ್ಟುಬಿಡಿ.

ಗುಜರಿ ಗುರು
ಹರಿಯಣ್ಣ ಹೇಳಿದ್ದು ಸರಿ ಅಂತ ಹೇಳೋಕೆ ಹೊಟ್ಟೆ ಉರಿಯುತ್ತದೆ. ಆದರೆ ಸರಿ.

ಕಾನೂನು ಕಟ್ಟೆ
ಹೊರದೇಶಕ್ಕೆ ಮಾರುವ ಯೋಚನೆ ಇದ್ದರೆ ಒಂದು ಎಚ್ಚರಿಕೆ. 1972ರ ಪುರಾತನ ವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ, ಐತಿಹಾಸಿಕ ಆಸಕ್ತಿಯ ವಸ್ತುವನ್ನು ಖಾಸಗಿಯವರು ರಫ್ತು ಮಾಡುವಂತಿಲ್ಲ. ಹುಲ್ಲಿನ ಮೆಷಿನ್ ಅದರಲ್ಲಿ ಬರುತ್ತದೋ ಇಲ್ಲವೋ ಅಂತ ವಾದ ಮಾಡಬಹುದು, ಆದರೆ ವಾದ ಕಸ್ಟಮ್ಸ್ ಮುಂದೆ ಮಾಡಬೇಕಾಗುತ್ತದೆ. ಪುರಾತನ ವಸ್ತು ಅಲ್ಲ ಅನ್ನುವ ಸರ್ಟಿಫಿಕೇಟನ್ನು ಪುರಾತತ್ವ ಇಲಾಖೆ ಕೊಡುತ್ತದೆ. ಮೊದಲು ಅದು ಮಾಡಿಸಿ.

ಇಪ್ಸ್‌ವಿಚ್ ಗೌಡ
ಇಷ್ಟು ತೂಕದ್ದನ್ನು ಕಳಿಸುವ ಖರ್ಚಿಗೆ ಇಲ್ಲಿ ಇಂಥವೇ ಒಂದೆರಡು ಸಿಗುತ್ತವೆ. ಆ ಯೋಚನೆ ಬಿಡಿ.

ಬಣ್ಣದಂಗಡಿ
ಇಷ್ಟೆಲ್ಲ ಯಾಕೆ? ಪೂರ್ತಿ ಉಜ್ಜಿ, ರೆಡ್ ಆಕ್ಸೈಡ್ ಹೊಡೆದು, ಮೇಲೆ ಗಿಳಿಹಸಿರು ಎನಾಮಲ್ ಎರಡು ಕೋಟ್. ಅಕ್ಷರಕ್ಕೆ ಗೋಲ್ಡ್. ಗೇಟ್ ಪಕ್ಕ ಕಟ್ಟೆ ಕಟ್ಟಿ ಇಡಿ. ಬಂದವರೆಲ್ಲ ನಿಂತು ನೋಡುತ್ತಾರೆ.

ಸ್ಪ್ಯಾನರ್ ಸ್ವಾಮಿ
ದಯವಿಟ್ಟು ಬೇಡ. ಹಳೇ ಹಸಿರು, ಕೆಂಪು ಚೂರು ಉಳಿದಿದೆ ಅಂತ ಅಕ್ಕನೇ ಬರೆದಿದ್ದಾರೆ. ಅದೇ ಇದರ ಆಧಾರ್ ಕಾರ್ಡ್. ಸಡಿಲ ತುಕ್ಕು ತೆಗೆದು, ಬೇಯಿಸಿದ ಅಗಸೆ ಎಣ್ಣೆ ತೆಳ್ಳಗೆ ಒರೆಸಿ ಬಿಡಿ, ಸಾಕು. ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಒಣಗಿಸಿ.

ಬಣ್ಣದಂಗಡಿ
ನಿಮ್ಮ ಮನೆ ಗೋಡೆಗೂ ಬಣ್ಣ ಹೊಡೆಸಿಲ್ಲವೇನೋ, ಹಳೇದು ಉಳಿಯಲಿ ಅಂತ.

ಹಳೇಮಾಲು ಹರಿ
ವ್ಯಾಪಾರದ ಮಾತು ಹೇಳುತ್ತೇನೆ: ಗಿಳಿಹಸಿರು ಹೊಡೆದ ದಿನವೇ ನನ್ನ ರೇಟು ಅರ್ಧ.

ಕೋಲಾರದ ಕೆಂಪ
ಚಿನ್ನದ ಗಣಿ ಕಡೆಯವನು ನಾನು. ನಮ್ಮ ತಾತ ಒಂದು ಕ್ಲಬ್ಬಿನಲ್ಲಿ ಮಾಲಿ ಆಗಿದ್ದರು. ಅಲ್ಲಿ ಇದರ ದೊಡ್ಡಣ್ಣ ಇತ್ತಂತೆ, ಎತ್ತು ಎಳೆಯುವುದು. ಹುಲ್ಲಿನ ಮೇಲೆ ಗೊರಸಿನ ಗುರುತು ಬೀಳಬಾರದು ಅಂತ ಎತ್ತಿನ ಕಾಲಿಗೆ ಗೋಣಿಚೀಲ ಸುತ್ತುತ್ತಿದ್ದರಂತೆ. ಮಳೆ ಬಂದು ನೆಲ ಮೆತ್ತಗಿದ್ದ ದಿನ ದೊರೆ ಬೂಟು ಕಳಚಿ ಬರಿಗಾಲಲ್ಲಿ ನಡೆದು ನೋಡಿ, ಆಮೇಲೆ ಎತ್ತು ಬಿಡಲು ಹೇಳುತ್ತಿದ್ದನಂತೆ. ತಾತನ ಪ್ರಕಾರ ಎತ್ತಿಗೆ ಸಿಕ್ಕ ಮರ್ಯಾದೆ ಮಾಲಿಗೆ ಸಿಗುತ್ತಿರಲಿಲ್ಲ.

ಇಪ್ಸ್‌ವಿಚ್ ಗೌಡ
ಇಲ್ಲಿ ಕುದುರೆಗೆ ಚರ್ಮದ ಬೂಟು ಹಾಕುತ್ತಿದ್ದರು, ಅದೇ ಕಾರಣಕ್ಕೆ. ಗ್ರೀನ್ ಕಂಪನಿಯವರೂ ಕತ್ತೆ, ಕುದುರೆ ಎಳೆಯುವ ಸೈಜು ಮಾಡುತ್ತಿದ್ದರು. ರಸ್ತೆ ಗಟ್ಟಿ ಮಾಡುವ ಸ್ಟೀಮ್ ರೋಲರ್ ಕೂಡ ಮಾಡುತ್ತಿದ್ದರು. ಕೆಂಪಣ್ಣ, ಆ ಮೆಷಿನ್ ಈಗ ಎಲ್ಲಿದೆ?

ಕೋಲಾರದ ಕೆಂಪ
2001ರಲ್ಲಿ ಗಣಿಯೇ ಮುಚ್ಚಿತು. ಮೆಷಿನ್ ಯಾರು ಕೇಳುತ್ತಾರೆ.

ಅಡಿಕೆ ಆನಂದ
ಹುಲ್ಲಿನ ವಿಷಯ ಬಂತು ಅಂತ ಕೇಳುತ್ತೇನೆ, ತೋಟಕ್ಕೆ ಬ್ರಷ್ ಕಟರ್ ತಗೋಬೇಕು, ಟೂ ಸ್ಟ್ರೋಕ್ ಒಳ್ಳೆಯದಾ ಫೋರ್ ಸ್ಟ್ರೋಕಾ?

ಹುಬ್ಬಳ್ಳಿ ಗ್ಯಾರೇಜ್
ಟೂ ಸ್ಟ್ರೋಕ್ ಹಗುರ, ಇಳಿಜಾರಿಗೆ ಅದ ಛಲೋ. ಪೆಟ್ರೋಲಿಗೆ ಆಯಿಲ್ ಬೆರಿಸೂದು ಮಾತ್ರ ಮರೀಬ್ಯಾಡ್ರಿ.

ಅಡಿಕೆ ಆನಂದ
ಕೆಲಸದವರು ಬೆರೆಸುವುದನ್ನು ಮರೆಯುತ್ತಾರೆ, ಹೋದ ವರ್ಷ ಪಿಸ್ಟನ್ ಹಿಡಿಯಿತು. ಫೋರ್ ಸ್ಟ್ರೋಕೇ ವಾಸಿ ಅನಿಸುತ್ತದೆ.

ಮಲೆನಾಡ ಹುಡುಗಿ
ಆನಂದಣ್ಣ, ಇದಕ್ಕೆ ಬೇರೆ ಚರ್ಚೆ ಶುರು ಮಾಡಿ. ಪ್ರತಿ ಸಲ ಎಲ್ಲಿ ಶುರುವಾದರೂ ನೀವು ಬ್ರಷ್ ಕಟರಿಗೆ ತಂದು ನಿಲ್ಲಿಸುತ್ತೀರಿ. ಅಕ್ಕ, ನನ್ನ ಪ್ರಶ್ನೆ: ಇದರಲ್ಲಿ ನಿಜವಾಗಲೂ ಹುಲ್ಲು ಕತ್ತರಿಸಬಹುದಾ?

ಸ್ಪ್ಯಾನರ್ ಸ್ವಾಮಿ
ಕತ್ತರಿಸಬಹುದು, ಆದರೆ ಗಿಡ್ಡ ಹುಲ್ಲು ಮಾತ್ರ. ಮಳೆಗಾಲದಲ್ಲಿ ಮೊಣಕಾಲುದ್ದ ಬೆಳೆದದ್ದಕ್ಕೆ ತಳ್ಳಿದರೆ ಹುಲ್ಲು ಮಲಗುತ್ತದೆ, ಕತ್ತರಿಸುವುದಿಲ್ಲ. ಅಂಗಳದಲ್ಲಿ ಗರಿಕೆ ಇದ್ದು ವಾರಕ್ಕೊಮ್ಮೆ ಓಡಿಸುವಂತಿದ್ದರೆ ಪೆಟ್ರೋಲ್ ಮೆಷಿನ್‌ಗಿಂತ ನೀಟಾಗಿ ಬರುತ್ತದೆ.

ಮಾಡುವ ಕ್ರಮ ಹೇಳುತ್ತೇನೆ. ಸಿಲಿಂಡರಿನ ಎರಡೂ ತುದಿಯ ಬೇರಿಂಗಿಗೆ ಎಣ್ಣೆ ಬಿಟ್ಟು ಕಾಯಿರಿ. ಬಲ ಹಾಕಿ ತಿರುಗಿಸಬೇಡಿ, ಕೈ ಬೆರಳಂತೂ ಒಳಗೆ ಬೇಡ. ತುಕ್ಕು ಹಿಡಿದ ಬ್ಲೇಡೂ ಬೆರಳು ಕತ್ತರಿಸುತ್ತದೆ, ಮರದ ತುಂಡಿನಿಂದ ನೂಕಿ. ಸಡಿಲ ಆದ ಮೇಲೆ ಸಿಲಿಂಡರ್ ಮತ್ತು ಕೆಳಗಿನ ಬ್ಲೇಡ್ ನಡುವಿನ ಅಂತರವನ್ನು ಸ್ಕ್ರೂನಿಂದ ಸರಿ ಮಾಡಿ. ಎರಡೂ ತುದಿಗೆ ಸಮವಾಗಿ ತಿರುಗಿಸಿ, ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ಬೇಡ. ನ್ಯೂಸ್‌ಪೇಪರ್ ಚೂರು ಇಟ್ಟು ತಿರುಗಿಸಿದಾಗ ಎಡ ತುದಿಯಿಂದ ಬಲ ತುದಿವರೆಗೂ ಕತ್ತರಿಸಿದರೆ ಗೆದ್ದಿರಿ. ಕಾಗದ ಮಡಚಿಕೊಂಡು ಒಳಗೆ ಹೋದರೆ ಇನ್ನೂ ಅಂತರ ಇದೆ ಅಂತ. ಮೊಂಡಾಗಿದ್ದರೆ ಬೈಕ್ ಗ್ಯಾರೇಜಿನಲ್ಲಿ ಸಿಗುವ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಬಳಿದು ಸಿಲಿಂಡರನ್ನು ಉಲ್ಟಾ ತಿರುಗಿಸಿ. ಆಮೇಲೆ ಪೇಸ್ಟ್ ಪೂರ್ತಿ ತೊಳೆಯಿರಿ, ಇಲ್ಲದಿದ್ದರೆ ಬೇರಿಂಗ್ ತಿನ್ನುತ್ತದೆ.

ಇಪ್ಸ್‌ವಿಚ್ ಗೌಡ
ಸೇರಿಸುತ್ತೇನೆ: ಸೈಲೆನ್ಸ್ ಮೆಸ್ಸರ್‌ನಲ್ಲಿ ಸಿಲಿಂಡರನ್ನು ಬಿಚ್ಚಿ ಎಡ ಬಲ ಅದಲು ಬದಲು ಮಾಡಿ ಹಾಕಬಹುದು. ಆಗ ಬ್ಲೇಡಿನ ಇನ್ನೊಂದು ಅಂಚು ಕೆಲಸಕ್ಕೆ ಬರುತ್ತದೆ. ಕಂಪನಿಯವರೇ ಹಾಗೆ ಜಾಹೀರಾತು ಕೊಟ್ಟಿದ್ದರು. ಪೇಸ್ಟ್ ಹಚ್ಚುವ ಮುಂಚೆ ಎರಡೂ ಅಂಚು ನೋಡಿ, ಒಂದು ಕಡೆ ಇನ್ನೂ ಹರಿತ ಉಳಿದಿರಬಹುದು.

ಹುಬ್ಬಳ್ಳಿ ಗ್ಯಾರೇಜ್
ಬೀಡು ಎಲ್ಲೆರ ಸೀಳಿದ್ರ ಮಾಮೂಲಿ ವೆಲ್ಡಿಂಗ್ ಹೊಡಸಬ್ಯಾಡ್ರಿ, ಬಾಜೂಕ ಮತ್ತ ಸೀಳತದ. ಹಿತ್ತಾಳಿ ಬ್ರೇಜಿಂಗ್ ಮಾಡೋರನ್ನ ಹುಡುಕ್ರಿ.

ತೋಟದಮನೆ
ಇಷ್ಟು ದಿನ ಬರೆಯಲು ಆಗಲಿಲ್ಲ, ಹೆಂಚಿನ ಕೆಲಸ. ಸುದ್ದಿ ಇಷ್ಟು. ಆರ್-ಡಿ ನಂಬರ್ ಎಲ್ಲೂ ಇಲ್ಲ, ಕನ್ನಡಿ ಹಿಡಿದು ಅಡಿಗೂ ನೋಡಿದೆ. ಸಿಲಿಂಡರ್ ಬಿಟ್ಟಿತು. ಒಂದು ಅಂಚು ಪೂರ್ತಿ ಮೊಂಡು, ಇನ್ನೊಂದು ಅಂಚು ಪರವಾಗಿಲ್ಲ. ತೋಟದ ಲೆಕ್ಕ ಬರೆಯುವ ನಮ್ಮ ರೈಟರ್ ಸೇರಿ ಅದಲು ಬದಲು ಮಾಡಿದೆವು. ಎಡಗಡೆ ಅರ್ಧ ಕಾಗದ ಕತ್ತರಿಸುತ್ತದೆ, ಬಲಗಡೆ ಮಡಚಿಕೊಳ್ಳುತ್ತದೆ.

ಗುಜರಿಯವನು ಮತ್ತೆ ಬಂದು ಮೂರು ಸಾವಿರ ಅಂದ. ಮೊದಲು ಸಾವಿರ ಅಂದವನು ಮೂರಕ್ಕೆ ಬಂದ ಅಂತ ಭಾವನಿಗೆ ಈಗ ಲಕ್ಷದ ನಂಬಿಕೆ ಇನ್ನೂ ಜಾಸ್ತಿ ಆಗಿದೆ. ಹರಿಯಣ್ಣ, ನಿಮ್ಮ ರೇಟಿಗೆ ಥ್ಯಾಂಕ್ಸ್, ಆದರೆ ಸದ್ಯ ಮಾರುವುದಿಲ್ಲ. ಅಂಗಳದ ಗರಿಕೆಗೆ ಓಡಿಸಿ ನೋಡುವ ಆಸೆ ಬಂದಿದೆ. ಬಣ್ಣವೂ ಹೊಡೆಯುವುದಿಲ್ಲ.

ಬಣ್ಣದಂಗಡಿ
ಆಗಲಿ. ಗೇಟಿಗಾದರೂ ಹೊಡೆಸಿ.

ಹಳೇಮಾಲು ಹರಿ
ಬೇಸರ ಇಲ್ಲ ಅಕ್ಕ. ಹಾಗೇ ಆ ಮುರುಕು ನೊಗದ ಫೋಟೋ ಇದ್ದರೆ ಹಾಕಿ. ಹಿತ್ತಾಳೆ ಕಟ್ಟು ಇದೆಯಾ?

ಸುಬ್ಬಣ್ಣ ಸಕಲೇಶಪುರ
ಲೆಜರ್ ಹುಡುಕುತ್ತಿದ್ದೇನೆ. ಸಿಕ್ಕ ದಿನ ಸ್ವಾಮಿಗಳಿಗೆ ಇದೆ.

ಸ್ಪ್ಯಾನರ್ ಸ್ವಾಮಿ
ಕಾಯುತ್ತೇನೆ ಸುಬ್ಬಣ್ಣ. ಅಕ್ಕ, ಬಲಗಡೆಯ ಸ್ಕ್ರೂ ಕಾಲು ಸುತ್ತು ಬಿಗಿ ಮಾಡಿ ನೋಡಿ. ಚೈನಿಗೆ ಸುಮ್ನೆ ಸೈಕಲ್ ಚೈನ್ ತುಂಡು ಹಾಕಲು ಹೋಗಬೇಡಿ, ಹಲ್ಲಿಗೆ ಕೂರುವುದಿಲ್ಲ. ಪಿನ್ನಿನ ಮಧ್ಯದಿಂದ ಪಿನ್ನಿನ ಮಧ್ಯಕ್ಕೆ ಎಷ್ಟು, ಕೊಂಡಿಯ ಅಗಲ ಎಷ್ಟು ಅಳೆದು ಹಾಕಿ. ಬೆಂಗಳೂರಿನ ಕುಂಬಾರಗುಂಡಿ ಕಡೆ ಹೋದಾಗ ವಿಚಾರಿಸುತ್ತೇನೆ.

ತೋಟದಮನೆ
ಬೆಳಿಗ್ಗೆಯಿಂದ ಕರೆಂಟ್ ಇಲ್ಲ, ಕೊಟ್ಟಿಗೆಯಲ್ಲಿ ಕತ್ತಲೆ. ನಾಳೆ ಅಳೆದು ಹಾಕುತ್ತೇನೆ. ನೊಗಕ್ಕೆ ಹಿತ್ತಾಳೆ ಇಲ್ಲ ಹರಿಯಣ್ಣ, ಬರೀ ಗೆದ್ದಲು.